ಅತಿಥಿಗೆ ಕೊಟ್ಟ ಐದು ಲೋಟ ನೀರು

ಮನೆಮನೆ ಆರೋಗ್ಯ ಮತ್ತು ಕುಟುಂಬ ಕ್ಷೇಮ ಸಮೀಕ್ಷೆಯ ಮುಖ್ಯಾಧಿಕಾರಿಗಳಿಗೆ,
ರಾಜಧಾನಿ ತರಾವಾ

ಮಾನ್ಯರೇ,

ಅಲ್ಲಿ ಎಲ್ಲರೂ ಸೌಖ್ಯವೇ? ನಿಮ್ಮ ಹೆಸರು ಹಿಡಿದು ಕೇಳೋಣವೆಂದರೆ ನೀವು ನನಗೆ ಕಳಿಸಿದ ಮೂರು ಉತ್ತರಗಳಲ್ಲೂ ಹೆಸರಿರಬೇಕಾದ ಜಾಗದಲ್ಲಿ ಬರೀ ಮೊಹರು ಇದೆ. ಆದ್ದರಿಂದ ಗೊತ್ತಿರುವವರನ್ನೇ ಕೇಳುತ್ತೇನೆ. ನಮ್ಮ ಮನೆಯ ಚಾಪೆಯ ಮೇಲೆ ಕೂತು ಎರಡು ಗಂಟೆ ಪ್ರಶ್ನೆ ಕೇಳಿದ ನಿಮ್ಮ ಟಿನಿಯಾ ಹೇಗಿದ್ದಾಳೆ? ದೋಣಿಯಲ್ಲಿ ಬರುವಾಗ ವಾಂತಿ ಮಾಡಿ ಮಾಡಿ ಹಣ್ಣಾಗಿದ್ದಳು ಪಾಪ. ತಂಡದ ಯಜಮಾನ ಕೌರಾಕೆಗೆ ಹಲ್ಲುನೋವಿತ್ತು, ಕೀಳಿಸಿದನೇ? ನೀರು ಪರೀಕ್ಷೆಯ ಬೆನ್ಯಮೀನಾ ಮದುವೆ ಗೊತ್ತಾಗಿದೆ ಅಂದಿದ್ದ, ಆಯಿತೇ? ನಮ್ಮ ಕಡೆ ನಾನು ಗಟ್ಟಿ, ಅರವತ್ತೆಂಟಕ್ಕೆ ಏನು ಗಟ್ಟಿಯಿರಬಹುದೋ ಅಷ್ಟು. ಮಗ ತಿಯೋನ್ ಕಡಲಿಗೆ ಹೋಗಿ ಬರುತ್ತಾನೆ. ಸೊಸೆ ಮರೇಟಾ ಸೊರಗಿದ್ದಾಳೆ. ಮೊಮ್ಮಗಳು ಅಕೋಯಾ ಚೆನ್ನಾಗಿಲ್ಲ.

ದೂರು ಇಷ್ಟೇ. ನಮ್ಮ ದ್ವೀಪದ ಕುಡಿಯುವ ನೀರಿನಲ್ಲಿ ರೋಗಾಣು ಇಲ್ಲವೆಂದು ನಿಮ್ಮ ವರದಿ ಹೇಳುತ್ತದೆ. ಅದು ತಪ್ಪು. ಆ ತಪ್ಪು ಮಾಡಿದವಳು ನಾನು. ತಿದ್ದಲು ಬಿಡದವರು ನೀವು. ಆರು ತಿಂಗಳಿಂದ ನಾನು ಕಚೇರಿಗೆ ಖಾಸಗಿಯಾಗಿ ಬರೆದು ಸಾಕಾಗಿದೆ. ಈಗ ಇದೇ ಪತ್ರವನ್ನು ವಾರಪತ್ರಿಕೆಗೂ ಕೊಟ್ಟಿದ್ದೇನೆ. ನೀವು ಓದದಿದ್ದರೂ ನಿಮ್ಮ ಪಕ್ಕದ ಮನೆಯವರು ಓದಿಯಾರು.

ನಡೆದದ್ದನ್ನು ಮೊದಲಿನಿಂದ ಹೇಳುತ್ತೇನೆ. ಹದಿನಾರು ತಿಂಗಳ ಹಿಂದೆ ನಿಮ್ಮ ತಂಡ ಬರುತ್ತದೆಂದು ರೇಡಿಯೋದಲ್ಲಿ ಕೇಳಿದೆವು. ಇಡೀ ದ್ವೀಪದ ಎಂಟು ಊರುಗಳಲ್ಲಿ ಚೀಟಿ ಎತ್ತಿದಂತೆ ನಮ್ಮ ಊರೊಂದನ್ನೇ ಆರಿಸಿದ್ದರಂತೆ, ನಮ್ಮ ಊರಲ್ಲಿ ಇಪ್ಪತ್ತು ಮನೆ. ಸರಕಾರವೇ ಮನೆಬಾಗಿಲಿಗೆ ಬಂದು ನಿಮ್ಮ ಮಗು ಹೇಗಿದೆ, ನಿಮ್ಮ ಬಸುರಿ ಹೇಗಿದ್ದಾಳೆ ಎಂದು ಕೇಳುವುದೆಂದರೆ ಸಾಮಾನ್ಯವೇ? ಹೆಂಗಸರ ಸಂಘ ಸಭೆ ಕೂಡಿತು. ಯಾರ ಮನೆಯಲ್ಲಿ ಮಲಗುವುದು, ಯಾರು ಮೀನು, ಯಾರು ಕೆಸುವಿನ ಗೆಡ್ಡೆ, ಯಾರು ದೀವಿಹಲಸು, ಎಲ್ಲ ಹಂಚಿಯಾಯಿತು. ಕೊನೆಗೆ ನೀರಿನ ಮಾತು ಬಂತು. ಆಗ ಬಾಯಿ ಬಿಟ್ಟವಳು ನಾನೇ.

ನಿಮಗೆ ಗೊತ್ತು, ನಮ್ಮ ಮನೆಗಳ ಸೂರು ಕೇದಗೆ ಗರಿಯದು. ಅದರಿಂದ ಸುರಿಯುವ ಮಳೆನೀರು ಹಿಡಿದರೆ ಕಸವೇ ಜಾಸ್ತಿ. ತಗಡಿನ ಸೂರಿರುವುದು ಚರ್ಚಿಗೆ ಮಾತ್ರ. ಅದರ ಕೆಳಗೆ ಪಾದ್ರಿಯವರ ತೊಟ್ಟಿ. ಅದು ಪಾದ್ರಿಯವರ ಮನೆಗೆ, ಹೆರಿಗೆಯಾದವರಿಗೆ ಮತ್ತು ಊರಿಗೆ ಬಂದ ಅತಿಥಿಗೆ. ಉಳಿದವರಿಗೆ ಬಾವಿ. ಬಾವಿಯೆಂದರೆ ಎದೆಯುದ್ದದ ಗುಂಡಿ. ಒಂದು ಕಡೆ ಹಂದಿಗೂಡು, ಇನ್ನೊಂದು ಕಡೆ ಪಾಯಿಖಾನೆ, ದೊಡ್ಡ ಉಬ್ಬರ ಬಂದಾಗ ಕಡಲೂ ಒಳಗೆ ಇಣುಕಿ ಹೋಗುತ್ತದೆ. ಅದನ್ನು ನಾವು ಕುಡಿಯುತ್ತೇವೆ, ಅತಿಥಿಗೆ ಕೊಡುವುದಿಲ್ಲ. ನಾನು ಸಂಘದಲ್ಲಿ ಹೇಳಿದ್ದು ಇಷ್ಟು: ಇಪ್ಪತ್ತು ಮನೆಗೂ ಪಾದ್ರಿಯವರ ತೊಟ್ಟಿಯಿಂದ ಒಂದೊಂದು ಬಕೆಟ್ ತಂದಿಡೋಣ, ಬಂದವರು ಯಾರ ಮನೆಯಲ್ಲಿ ಬಾಯಾರಿದರೂ ನಮ್ಮ ಮರ್ಯಾದೆ ಉಳಿಯಲಿ. ಎಲ್ಲರೂ ತಲೆಯಾಡಿಸಿದರು. ಪಾದ್ರಿಯವರ ಹೆಂಡತಿ ತಾವೇ ನಲ್ಲಿಯ ಬೀಗ ತೆಗೆದುಕೊಟ್ಟರು. ಇದರಲ್ಲಿ ಮೋಸ ಎಲ್ಲಿದೆ, ಹೇಳಿ? ನಿಮ್ಮ ಮನೆಗೆ ದೊಡ್ಡವರು ಬರುತ್ತಾರೆಂದರೆ ನೀವು ಹರಿದ ಚಾಪೆ ಹಾಸುತ್ತೀರಾ?

ಟಿನಿಯಾ ಕೇಳಿದ್ದಕ್ಕೆಲ್ಲ ನಾವು ಇದ್ದದ್ದನ್ನು ಇದ್ದಂತೆ ಹೇಳಿದೆವು. ಹಂದಿ ಎಷ್ಟು, ಹಾಸಿಗೆ ಎಷ್ಟು, ರೇಡಿಯೋ ಇದೆಯೇ, ಒಲೆಗೆ ಏನು ಉರಿಸುತ್ತೀರಿ, ಮಕ್ಕಳು ಎಷ್ಟು ಹುಟ್ಟಿದವು, ಎಷ್ಟು ತೀರಿಕೊಂಡವು. ಆ ಕೊನೆಯದಕ್ಕೆ ನಾನು ಎರಡು ಅಂದೆ. ಅವಳು ಬರೆಯುವುದನ್ನು ನಿಲ್ಲಿಸಿ ನನ್ನ ಕೈ ಹಿಡಿದಳು. ಆ ಹುಡುಗಿಯ ಮೇಲೆ ನನಗೆ ಏನೂ ಸಿಟ್ಟಿಲ್ಲ. ಅಕೋಯಾಗೆ ಆಗ ಹನ್ನೊಂದು ತಿಂಗಳು. ತಕ್ಕಡಿಯ ಮೇಲೆ ಕೂರಿಸಿದರು: ಏಳು ಕಿಲೋ ಇನ್ನೂರು ಗ್ರಾಂ. ಉದ್ದ ಅಳೆಯಲು ಹಲಗೆಯ ಮೇಲೆ ಮಲಗಿಸಿದಾಗ ಕಿರುಚಿದಳು, ಅದನ್ನು ಬರೆದುಕೊಳ್ಳಲಿಲ್ಲ.

ಆಮೇಲೆ ಬೆನ್ಯಮೀನಾ ಬಂದ. ಇಪ್ಪತ್ತು ಮನೆಯಲ್ಲಿ ಐದರಲ್ಲಿ ಮಾತ್ರ ನೀರು ಪರೀಕ್ಷೆ, ಅದರಲ್ಲಿ ನಮ್ಮದೂ ಒಂದು. ಅವನು ಬಹಳ ವಿನಯದಿಂದ ಕೇಳಿದ, "ಅಜ್ಜೀ, ನಿಮ್ಮನೇಲಿ ಕುಡಿಯೋ ನೀರು ಒಂದು ಲೋಟ ಕೊಡ್ತೀರಾ?"

ಮಾನ್ಯರೇ, ಬಿಸಿಲಲ್ಲಿ ನಡೆದು ಬಂದ ಹುಡುಗ ಮನೆಯೊಳಗೆ ಕೂತು ನೀರು ಕೇಳಿದರೆ ಯಾವ ಅಜ್ಜಿ ಅವನಿಗೆ ಬಾವಿಯ ನೀರು ಕೊಟ್ಟಾಳು? ಗಾಜಿನ ಲೋಟವನ್ನು ತೊಳೆದು, ಅತಿಥಿಯ ಬಕೆಟ್ಟಿನಿಂದ ತುಂಬಿ, ಎರಡು ಕೈಯಲ್ಲಿ ಹಿಡಿದು ಕೊಟ್ಟೆ. ಅವನು ಕುಡಿಯಲಿಲ್ಲ. ಒಂದು ಬಿಳಿ ಬಟ್ಟಲಿಗೆ ಸೋಸಿದ. ಎಲ್ಲಿಂದ ತಂದಿರಿ ಎಂದ. ಚರ್ಚಿನ ತೊಟ್ಟಿಯಿಂದ ಎಂದೆ, ಅದು ನಿಜವೇ ತಾನೆ. ಅಲ್ಲಿಗೂ ಹೋಗಿ ತೊಟ್ಟಿಯನ್ನು ನೋಡಿ ಬಂದ. ಮಿಕ್ಕ ನಾಲ್ಕು ಮನೆಯಲ್ಲೂ ಇದೇ ಪ್ರಶ್ನೆ, ಇದೇ ಬಕೆಟ್ಟು, ಇದೇ ಉತ್ತರ.

ಆ ಬಟ್ಟಲುಗಳನ್ನು ಮೈಯ ಬಿಸಿಯಲ್ಲಿ ಒಂದು ದಿನ ಇಡಬೇಕಂತೆ. ಅವನು ಒಂದು ದಪ್ಪ ಪಟ್ಟಿಯೊಳಗೆ ಅವನ್ನು ಸೇರಿಸಿ ಹೊಟ್ಟೆಗೆ ಕಟ್ಟಿಕೊಂಡು ಊರೆಲ್ಲ ತಿರುಗಿದ. ನಮ್ಮ ಸಂಘದ ಅಧ್ಯಕ್ಷೆ ಮಾಯೆರೆಗೆ ಬಾಯಿ ಸುಮ್ಮನಿರುವುದಿಲ್ಲ. "ಎಷ್ಟು ತಿಂಗ್ಳು ಮಗಾ? ಹುಳಿ ಏನಾದ್ರೂ ಬೇಕಾ?" ಎಂದಳು. ಅವನೂ ಕಮ್ಮಿಯಿಲ್ಲ, "ನಾಳೆ ಹೆರಿಗೆ ಅಕ್ಕಾ, ಐದು ಮಕ್ಳು" ಎಂದ. ಹೆಂಗಸರು ಬಿದ್ದು ಬಿದ್ದು ನಕ್ಕರು. ಮರುದಿನ ಬೆಳಿಗ್ಗೆ ಪಟ್ಟಿ ಬಿಚ್ಚಿ ತೋರಿಸಿದ. ಕೊಳೆ ನೀರಾದರೆ ನೀಲಿ ಚುಕ್ಕಿ ಮೂಡಬೇಕು. ಐದರಲ್ಲಿ ಒಂದರಲ್ಲೂ ಒಂದು ಚುಕ್ಕಿಯಿಲ್ಲ. ನಾವು ಚಪ್ಪಾಳೆ ತಟ್ಟಿದೆವು ಮಾನ್ಯರೇ. ಪರೀಕ್ಷೆಯಲ್ಲಿ ಪಾಸಾದವರ ಹಾಗೆ ಚಪ್ಪಾಳೆ ತಟ್ಟಿದೆವು. ತೊಟ್ಟಿಯ ನೀರನ್ನು ಪರೀಕ್ಷಿಸಿದ್ದಾನೆಂದು ನಮಗೆ ಗೊತ್ತಿತ್ತು. ಅದನ್ನು ನಮ್ಮ ನೀರೆಂದು ಬರೆದುಕೊಂಡಿದ್ದಾನೆಂದು ಹೊಳೆಯಲಿಲ್ಲ.

ಏಳು ತಿಂಗಳ ಮೇಲೆ ವರದಿ ಬಂತು. ತಂಡ ಬಂದದ್ದು ನಮ್ಮ ಊರಿಗೆ ಮಾತ್ರವಾದ್ದರಿಂದ ನಮ್ಮ ಐದು ಲೋಟವೇ ಇಡೀ ದ್ವೀಪದ ನೀರಾಗಿತ್ತು. ಆ ವರ್ಷ ಹೊರದ್ವೀಪಗಳಿಗೆ ತಗಡಿನ ಸೂರು, ಸೂರಿನ ನೀರು ಇಳಿಸುವ ದೋಣಿಕೊಳವೆ, ದೊಡ್ಡ ತೊಟ್ಟಿ ಕೊಡುವ ಯೋಜನೆ ಇತ್ತು. ನೀರು ಕೆಟ್ಟಿರುವ ದ್ವೀಪಗಳಿಗೆ ಮೊದಲು, ಅದು ನ್ಯಾಯವೇ. ನಮ್ಮ ದ್ವೀಪದ ಹೆಸರನ್ನು ಪಟ್ಟಿಯ ಕೊನೆಗೆ ತಳ್ಳಿದರು. ಎಂಟು ಊರಿನ ತೊಟ್ಟಿಗಳು ನನ್ನ ಒಂದು ಮಾತಿನಿಂದ ಹೋದವು. ಈಗ ಪಕ್ಕದೂರಿನ ದಾರಿಯಲ್ಲಿ ಹೋದರೆ ಹೆಂಗಸರು ಮಕ್ಕಳಿಗೆ ಕೇಳುವ ಹಾಗೆ ಹೇಳುತ್ತಾರೆ, "ದಾರಿ ಬಿಡ್ರೋ, ಶುದ್ಧ ನೀರಿನೋರು ಬಂದ್ರು." ನಾನು ತಲೆ ತಗ್ಗಿಸಿಕೊಂಡು ಬರುತ್ತೇನೆ. ಇನ್ನೇನು ಮಾಡಲಿ?

ಅದನ್ನಾದರೂ ನುಂಗಿಕೊಂಡೇನು. ನುಂಗಲಾಗದ್ದು ಇನ್ನೊಂದಿದೆ. ನಿಮ್ಮದೇ ವರದಿಯಲ್ಲಿ ನಾಲ್ಕು ಹಾಳೆ ಆಚೆಗೆ ನಮ್ಮ ದ್ವೀಪದ ಚಿಕ್ಕ ಮಕ್ಕಳಿಗೆ ವಯಸ್ಸಿಗೆ ತಕ್ಕ ತೂಕವಿಲ್ಲ, ಭೇದಿ ಹೆಚ್ಚು ಎಂದೂ ಬರೆದಿದೆ. ನೀರು ಶುದ್ಧ, ಮಗು ಕೃಶ. ಎರಡನ್ನೂ ಒಂದೇ ಮೇಜಿನ ಮೇಲೆ ಇಟ್ಟುಕೊಂಡು ನೋಡಿದ ಯಾವ ಪುಣ್ಯಾತ್ಮನಿಗೂ ಇದೇನೋ ತಾಳೆಯಾಗುತ್ತಿಲ್ಲ ಅನ್ನಿಸಲಿಲ್ಲವೇ? ಅನ್ನಿಸಿತು. ಆದರೆ ಅವರು ತೀರ್ಮಾನಿಸಿದ್ದು ಬೇರೆ: ನೀರಿನ ತಪ್ಪಲ್ಲದ ಮೇಲೆ ತಾಯಂದಿರ ತಪ್ಪು. ಹಾಗಾಗಿ ತೊಟ್ಟಿಯ ಬದಲು ನಮಗೆ ಬಂದದ್ದು ಬಣ್ಣದ ಚಿತ್ರಪಟ ಮತ್ತು ಒಬ್ಬ ಉಪದೇಶಕಿ. ನಮ್ಮ ಊರ ಸಭಾಮಂಟಪವಾದ ಮಾನೆಯಾಬದಲ್ಲಿ ತಾಯಂದಿರನ್ನು ಸಾಲಾಗಿ ಕೂರಿಸಿ, ಕೈ ಹೇಗೆ ತೊಳೆಯಬೇಕು, ಮಗುವಿಗೆ ಹೇಗೆ ಉಣಿಸಬೇಕು ಎಂದು ಮೂರು ದಿನ ಹೇಳಿಕೊಟ್ಟರು. ತೂಕ ಕಡಿಮೆಯಿದ್ದ ಮಕ್ಕಳ ತಾಯಂದಿರನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ಊರೇ ನೋಡುತ್ತಿತ್ತು. ಮರೇಟಾ ಮೂರು ದಿನವೂ ಮುಂದಿನ ಸಾಲು.

ನನ್ನ ಸೊಸೆಯನ್ನು ನಾನು ಬಲ್ಲೆ. ಮಗುವಿನ ಬಾಯಿಗೆ ಬೆರಳಿಡುವ ಮುಂಚೆ ಆ ಬೆರಳನ್ನು ಮೂರು ಸಲ ತೊಳೆಯುತ್ತಾಳೆ. ಆದರೆ ತೊಳೆಯುವುದು ಯಾವ ನೀರಿನಲ್ಲಿ? ಕುದಿಸಿ ಕುಡಿಸಿ ಎಂದು ಉಪದೇಶಕಿ ಹೇಳಿದಳು, ಕುದಿಸುತ್ತಾಳೆ. ಆದರೆ ನಮ್ಮ ಮಕ್ಕಳು ಒಂದು ಮನೆಯ ಮಕ್ಕಳಲ್ಲ. ಬೆಳಿಗ್ಗೆ ನಮ್ಮ ಮನೆ, ಮಧ್ಯಾಹ್ನ ದೊಡ್ಡಮ್ಮನ ಮನೆ, ಸಂಜೆ ಯಾರ ಮನೆಯಲ್ಲಿ ಮೀನು ಸುಡುತ್ತಾರೋ ಅಲ್ಲಿ. ಯಾರ ಮನೆಯ ಲೋಟವನ್ನು ಕಸಿದುಕೊಳ್ಳಲಿ? ಉಪದೇಶ ಮುಗಿದ ದಿನ ಮರೇಟಾ ಮನೆಗೆ ಬಂದು ಒಲೆಯ ಮುಂದೆ ಕೂತಳು. ನಾನೂ ಪಕ್ಕದಲ್ಲಿ ಕೂತೆ. ಒಲೆಗೆ ಸೌದೆ ದೂಡುತ್ತ ಕೇಳಿದಳು, "ಅತ್ತೆ, ಆ ನೀರು ಕೊಟ್ಟಿದ್ದು ನೀವು. ಮುಂದಿನ ಸಾಲಲ್ಲಿ ಕೂತಿದ್ದು ನಾನು. ಇದನ್ನ ಯಾರಿಗೆ ಹೇಳ್ಲಿ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಹಗುರವಾಗುತ್ತಿತ್ತು. ಆವತ್ತೇ ನಿಮಗೆ ಮೊದಲ ಪತ್ರ ಬರೆದೆ.

ನಿಮ್ಮ ಮೊದಲ ಉತ್ತರ ನನ್ನ ಹತ್ತಿರ ಇದೆ. ಜನರು ಕೊಟ್ಟ ಉತ್ತರಗಳನ್ನು ಗುಟ್ಟಾಗಿ ಇಡುವುದು ಕಾನೂನು, ಯಾವ ಮನೆಯ ಉತ್ತರ ಯಾವುದೆಂದು ನಮಗೇ ಗೊತ್ತಾಗದಂತೆ ಹೆಸರು ತೆಗೆದಿರುತ್ತೇವೆ, ಆದ್ದರಿಂದ ನಿಮ್ಮ ಉತ್ತರವನ್ನು ಹುಡುಕಿ ತಿದ್ದಲು ಸಾಧ್ಯವಿಲ್ಲ ಎಂದಿರಿ. ನನ್ನ ರಕ್ಷಣೆಗೆಂದೇ ಹೀಗೆ ಮಾಡಿದ್ದೀರಿ, ಧನ್ಯವಾದ. ಆದರೆ ನನ್ನನ್ನು ನನ್ನಿಂದಲೇ ಬಚ್ಚಿಟ್ಟರೆ ಹೇಗೆ? ನಾನೇ ಎದುರು ನಿಂತು ಆ ಲೋಟ ನನ್ನದು ಎನ್ನುತ್ತಿದ್ದೇನೆ. ನೀವು, ಇಲ್ಲ ಅಮ್ಮ, ಆ ಲೋಟ ಯಾರದೂ ಅಲ್ಲ ಎನ್ನುತ್ತೀರಿ. ಎರಡನೆಯ ಪತ್ರದಲ್ಲಿ ಮತ್ತೊಮ್ಮೆ ಬಂದು ಪರೀಕ್ಷೆ ಮಾಡಿ ಎಂದು ಕೇಳಿದೆ. ಮನೆಗಳನ್ನು ಶಾಸ್ತ್ರೀಯವಾಗಿ ಆರಿಸಲಾಗಿದೆ, ಕೇಳಿದವರ ಮನೆಗೆ ಹೋದರೆ ಲೆಕ್ಕ ಕೆಡುತ್ತದೆ ಎಂದಿರಿ. ಕೇಳದವರ ಮನೆಗೆ ಬರುತ್ತೀರಿ, ಕೇಳಿದವರ ಮನೆಗೆ ಬರುವುದಿಲ್ಲ. ಸಾವು ಕೂಡ ಹಾಗೆಯೇ, ಆದರೆ ಅದು ಸಂಬಳ ತೆಗೆದುಕೊಳ್ಳುವುದಿಲ್ಲ. ಕಠಿಣವಾಯಿತೇನೋ, ಕ್ಷಮಿಸಿ. ಮೂರನೆಯ ಉತ್ತರ ಚಿಕ್ಕದು: ಒಬ್ಬರು ಹೇಳಿದ ಮಾತ್ರಕ್ಕೆ ಆಗುವುದಿಲ್ಲ, ಪರೀಕ್ಷೆಯಾದ ಐದೂ ಮನೆಯವರು ಮತ್ತು ಊರ ಹಿರಿಯರು ಸಹಿ ಹಾಕಿ ಬರೆದುಕೊಟ್ಟರೆ ಪರಿಶೀಲಿಸಬಹುದು, ಇಲ್ಲವಾದರೆ ಮುಂದಿನ ಸಮೀಕ್ಷೆಯವರೆಗೆ ಕಾಯಿರಿ.

ಆ ಕಾಗದ ಹಿಡಿದುಕೊಂಡು ಮಾನೆಯಾಬಕ್ಕೆ ಹೋದೆ. ಅಲ್ಲಿ ನಮ್ಮ ಮನೆತನಕ್ಕೆ ಇರುವ ಜಾಗದಲ್ಲಿ ಕೂತು ಎಲ್ಲ ಹೇಳಿದೆ. ಹಿರಿಯರಲ್ಲಿ ಎಲ್ಲರಿಗಿಂತ ದೊಡ್ಡವನಾದ ಬಕಾತು ಅಣ್ಣ ಕೇಳಿದ.

"ರೊತಿಯಾ, ಏನಂತ ಸಹಿ ಹಾಕೋದು? ಬಂದ ಅತಿಥಿಗೆ ನಾವು ಮೋಸ ಮಾಡಿದ್ವಿ ಅಂತಲಾ?"

"ಮೋಸ ಅಲ್ಲಣ್ಣ. ಒಳ್ಳೇದನ್ನ ಕೊಟ್ವಿ ಅಂತ."

"ಹಂಗಂತ ಬರೆದ್ರೆ ಅವ್ರು ಏನಂತ ಓದ್ತಾರೆ?"

ಇದಕ್ಕೆ ಉತ್ತರ ನಿಮಗೆ ಹೊಳೆದರೆ ತಿಳಿಸಿ. ಬಕಾತು ಅಣ್ಣ ಕೆಟ್ಟವನಲ್ಲ. ಅವನ ಮರಿಮಗುವಿಗೂ ಭೇದಿ. ಆದರೆ ಇಡೀ ಊರು ಸುಳ್ಳು ಹೇಳಿತು ಎಂದು ಸರಕಾರದ ಕಡತದಲ್ಲಿ ಅವನ ಸಹಿಯ ಮೇಲೆ ಉಳಿದರೆ, ಅವನ ಮೊಮ್ಮಕ್ಕಳ ಕಾಲಕ್ಕೂ ಅದು ಅಳಿಯುವುದಿಲ್ಲ. ಮಿಕ್ಕ ನಾಲ್ಕು ಮನೆಯವರು ಅವನ ಮುಖ ನೋಡಿ ಸಹಿಗೆ ಮುಂದೆ ಬರಲಿಲ್ಲ. ಕೊನೆಗೆ ಹಿರಿಯರು ಇಷ್ಟಕ್ಕೆ ಒಪ್ಪಿದರು: ರೊತಿಯಾ ತನ್ನ ಹೆಸರಲ್ಲಿ, ತನ್ನ ಲೋಟದ ಬಗ್ಗೆ ಮಾತ್ರ ಬರೆಯಬಹುದು.

ಈಗ ನನ್ನ ಸ್ಥಿತಿ ನೋಡಿ. ಒಬ್ಬಳೇ ಬರೆದರೆ ನಿಮಗೆ ಸಾಲದು. ಎಲ್ಲರ ಪರವಾಗಿ ಬರೆದರೆ ಮಾನೆಯಾಬದ ಮಾತು ಮೀರಿದಂತೆ. ಮೀರಿದವಳಿಗೆ ಈ ಊರಲ್ಲಿ ಕೂರಲು ಜಾಗವಿಲ್ಲ. ಸುಮ್ಮನಿದ್ದರೆ ಬಾವಿ. ಮೀನಿಗೆಂದು ಕಟ್ಟಿದ ಕಲ್ಲಿನ ಬೋನಿನಲ್ಲಿ ಉಬ್ಬರದ ಹೊತ್ತಿಗೆ ಒಳಗೆ ಹೋದ ಮೀನು ಇಳಿತದ ಹೊತ್ತಿಗೆ ಸುತ್ತುತ್ತಿರುತ್ತದಲ್ಲ, ಹಾಗೆ ಸುತ್ತುತ್ತಿದ್ದೇನೆ. ನೋಡಿ, ಈ ಪತ್ರದಲ್ಲಿ ಆಗಲೇ ಮಿಕ್ಕ ನಾಲ್ಕು ಮನೆಯ ಮಾತೂ ಬಂದುಬಿಟ್ಟಿದೆ. ಅಳಿಸೋಣವೆಂದು ಎರಡು ಸಲ ಪೆನ್ನು ಎತ್ತಿದೆ. ಅಳಿಸಲಿಲ್ಲ. ಪತ್ರಿಕೆ ಬಂದ ದಿನ ಬಕಾತು ಅಣ್ಣನ ಮನೆಗೆ ನಾನೇ ಹೋಗಿ ಕೂತು ಅವನು ಹೇಳಿದ್ದನ್ನು ಕೇಳಿಕೊಳ್ಳುತ್ತೇನೆ.

ಯಾಕೆ ಅಳಿಸಲಿಲ್ಲ ಎಂದರೆ, ಹೋದ ವಾರ ಅಕೋಯಾಳನ್ನು ಮೂರನೆಯ ಸಲ ದ್ವೀಪದ ಆಸ್ಪತ್ರೆಗೆ ಹೊತ್ತುಕೊಂಡು ಹೋಗಿದ್ದೆವು. ಕಣ್ಣು ಒಳಗೆ ಹೋಗಿತ್ತು, ಅಳುತ್ತಿದ್ದಳು, ಕಣ್ಣೀರು ಬರುತ್ತಿರಲಿಲ್ಲ. ನರ್ಸಮ್ಮ ಕೈಯಲ್ಲಿ ನರ ಸಿಗದೆ ಕಾಲಿಗೆ ಗ್ಲೂಕೋಸ್ ಹಾಕಿದಳು. ಎರಡು ದಿನಕ್ಕೆ ಎದ್ದು ಕೂತು ತೆಂಗಿನ ನೀರಾ ಕೇಳಿದಳು, ದೇವರು ದೊಡ್ಡವನು. ಎರಡು ವರ್ಷ ಮೂರು ತಿಂಗಳ ಮಗು ಈಗ ಎಂಟೂವರೆ ಕಿಲೋ. ಮನೆಗೆ ಕಳಿಸುವಾಗ ನರ್ಸಮ್ಮ ಮರೇಟಾಳ ಮುಖ ನೋಡಲಿಲ್ಲ, ನನ್ನನ್ನು ಹೊರಗೆ ಕರೆದು ಹೇಳಿದಳು: "ಅಮ್ಮಾ, ಇನ್ನೊಂದ್ ಸಲ ಹಿಂಗಾದ್ರೆ ನನ್ ಕೈಲಿ ಆಗಲ್ಲ. ಎಲ್ಲಿಂದಾದ್ರೂ ಬೇರೆ ನೀರು ಹುಡುಕಿ."

ಎಲ್ಲಿಂದ ಹುಡುಕಲಿ? ಪಾದ್ರಿಯವರು ದಿನಕ್ಕೊಂದು ಕೊಡ ಕೊಡುತ್ತೇನೆಂದರು, ನಾಲ್ಕೈದು ದಿನದಿಂದ ಕೊಡುತ್ತಿದ್ದಾರೆ. ಇದೇ ಊರಲ್ಲಿ ಇನ್ನೂ ಹದಿನಾಲ್ಕು ಚಿಕ್ಕ ಮಕ್ಕಳಿವೆ. ಅವರ ತಾಯಂದಿರು ನಾನು ಕೊಡ ಹೊತ್ತು ಬರುವುದನ್ನು ನೋಡುತ್ತಾರೆ. ಮಳೆ ಬಂದು ಎರಡೂವರೆ ತಿಂಗಳಾಯಿತು. ತೊಟ್ಟಿಯನ್ನು ಬೆರಳ ಗೆಣ್ಣಿನಿಂದ ತಟ್ಟಿದರೆ ಮೊಣಕಾಲೆತ್ತರದಲ್ಲಿ ಸದ್ದು ಬದಲಾಗುತ್ತದೆ, ನೀರಿರುವುದು ಅಲ್ಲಿಗೆ.

ಮುಂದಿನ ಸಮೀಕ್ಷೆಗೆ ಕಾಯಿರಿ ಎಂದಿರಲ್ಲ, ಅದನ್ನು ಯೋಚಿಸಿ ನೋಡಿದೆ. ಐದು ವರ್ಷಕ್ಕೊಮ್ಮೆ ಎಂದರೆ ಇನ್ನು ಮೂರು ವರ್ಷ ಎಂಟು ತಿಂಗಳು. ಆಗ ಅಕೋಯಾಗೆ ಆರು ತುಂಬುತ್ತಿರುತ್ತದೆ. ನಿಮ್ಮ ತಕ್ಕಡಿ ಐದರೊಳಗಿನ ಮಕ್ಕಳಿಗೆ ಮಾತ್ರ. ಬದುಕಿದ್ದರೆ ಅವಳನ್ನು ನೀವು ತೂಗುವುದಿಲ್ಲ. ಬದುಕಿಲ್ಲದಿದ್ದರೆ ಟಿನಿಯಾ ಮತ್ತೆ ಚಾಪೆಯ ಮೇಲೆ ಕೂತು, ಎಷ್ಟು ಹುಟ್ಟಿದವು, ಎಷ್ಟು ತೀರಿಕೊಂಡವು ಎಂದು ಕೇಳಿದಾಗ ಮರೇಟಾ ಒಂದು ಅನ್ನುತ್ತಾಳೆ. ನಿಮ್ಮ ವರದಿಯೊಳಗೆ ಹೋಗಲು ನನ್ನ ಮೊಮ್ಮಗಳಿಗೆ ಉಳಿದಿರುವುದು ಅದೊಂದೇ ಬಾಗಿಲು. ಆ ಬಾಗಿಲನ್ನು ನಾನು ಬಲ್ಲೆ, ಎರಡು ಸಲ ಹಾದಿದ್ದೇನೆ. ಅವಳು ಹಾಯಬಾರದು.

ಆದ್ದರಿಂದ ಕೇಳುತ್ತೇನೆ. ಸಹಿ ಕೇಳಬೇಡಿ. ತಪ್ಪೊಪ್ಪಿಗೆ ಕೇಳಬೇಡಿ, ಒಪ್ಪಿಕೊಳ್ಳುವಂಥ ತಪ್ಪನ್ನು ಈ ಊರು ಮಾಡಿಲ್ಲ. ಹಳೆಯ ಲೆಕ್ಕವನ್ನು ಬೇಕಾದರೆ ಹಾಗೇ ಇಟ್ಟುಕೊಳ್ಳಿ, ಅದು ಕೆಡುವುದು ಬೇಡ. ತೊಟ್ಟಿಗಳ ಪಟ್ಟಿ ಮುಚ್ಚುವ ಮೊದಲು, ಮುಂದಿನ ದೋಣಿಗೆ ಬೆನ್ಯಮೀನಾನನ್ನು ಕಳಿಸಿ. ನಮ್ಮ ಊರಿಗೆ ಬೇಡವೆಂದರೆ ಮಿಕ್ಕ ಏಳರಲ್ಲಿ ಯಾವುದಕ್ಕಾದರೂ ಕಳಿಸಿ, ದ್ವೀಪದ ಬಾವಿಗಳೆಲ್ಲ ಒಂದೇ. ಆದರೆ ಈ ಸಲ ಅವನು ಮನೆಯೊಳಗೆ ಬಂದು ಕೂತು ಲೋಟ ಕೇಳುವುದು ಬೇಡ. ಹಾಗೆ ಕೇಳಿದರೆ ನಾವು ಮತ್ತೆ ಒಳ್ಳೆಯದನ್ನೇ ಕೊಡುತ್ತೇವೆ, ಕೈ ಕೇಳುವುದಿಲ್ಲ. ನೇರ ಹಿತ್ತಲಿಗೆ ಬರಲಿ, ತೆಂಗಿನ ಚಿಪ್ಪಿನ ಸೌಟು ಬಾವಿಯ ಪಕ್ಕದಲ್ಲೇ ತೂಗುಹಾಕಿದೆ, ತಾನೇ ಬಗ್ಗಿ ಮೊಗೆದುಕೊಳ್ಳಲಿ. ಹೇಳದೆ ಕೇಳದೆ ಹಿತ್ತಲಿಗೆ ನುಗ್ಗುವುದು ಹೊರಗಿನವನಿಗೆ ಅಪಚಾರ, ಮನೆಮಗನಿಗೆ ಅಲ್ಲ. ಅವನನ್ನು ಮನೆಮಗ ಎಂದುಕೊಳ್ಳಲು ನಾನು ಸಿದ್ಧಳಿದ್ದೇನೆ. ಕಳಿಸಲು ನೀವು ಸಿದ್ಧರಿದ್ದೀರಾ?

ದೋಣಿ ಇಲ್ಲಿಗೆ ಬರುವುದು ಹದಿನೈದು ದಿನಕ್ಕೊಮ್ಮೆ, ಅದೂ ಕಡಲು ಒಪ್ಪಿದರೆ. ಈ ಪತ್ರ ಸಿಕ್ಕಿದ ದಿನವೇ ಒಂದು ಸಾಲು ಬರೆದು ಹಾಕಿ. ಬರುತ್ತೇವೆ ಎಂದು ಬರೆದರೆ ಮರೇಟಾಗೆ ಓದಿ ಹೇಳುತ್ತೇನೆ. ಬರುವುದಿಲ್ಲ ಎಂದಾದರೂ ಬೇಗ ಬರೆಯಿರಿ, ತೊಟ್ಟಿಯಲ್ಲಿ ಮೊಣಕಾಲೆತ್ತರ ನೀರಿರುವಾಗಲೇ.

ಇಂತಿ,
ನಿಮ್ಮ ಕಡತದಲ್ಲಿ ಹೆಸರಿಲ್ಲದ,
ಶುದ್ಧ ನೀರು ಕುಡಿಯುವ ಮನೆಯ ಅಜ್ಜಿ
ರೊತಿಯಾ